ಲಂಡನ್ನಿನ ಗೂಢಚಾರರ ವಾಕಿಂಗ್ ಟೂರ್: ಡಯರ್ ಯಾರು, ಓಡ್ವಯರ್ ಯಾರು ಅಂತ ಗೈಡ್‌ಗೇ ಗೊತ್ತಿಲ್ಲವಲ್ಲ!

ಹಳೇಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಮಗಳ ಮನೆಗೆ ಅಂತ ಲಂಡನ್ನಿಗೆ ಬಂದು ಐದು ವಾರ ಆಯಿತು. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟೇ ಆಯಸ್ಸು ಕಳೆದವನು ನಾನು. ಮನೆಯಲ್ಲಿ ಕೂತು ಕೂತು ನಾನು ಟಿವಿಯ ಮೇಲೆ ರೇಗುವುದನ್ನು ನೋಡಲಾರದೆ ಅಳಿಯಂದಿರು ಒಂದು ವಾಕಿಂಗ್ ಟೂರ್ ಬುಕ್ ಮಾಡಿಕೊಟ್ಟರು. ಯುದ್ಧಕಾಲದ ಗೂಢಚಾರರು ಮತ್ತು ಕ್ರಾಂತಿಕಾರಿಗಳ ಕಥೆ ಹೇಳುವ ಟೂರು. ತಲೆಗೆ 20 ಪೌಂಡ್. ಎರಡೂವರೆ ಗಂಟೆ ನಡಿಗೆ. ಗುಂಪಿನಲ್ಲಿ ಹದಿನೆಂಟು ಜನ, ಭಾರತೀಯರು ನಾನು ಮತ್ತು ನನ್ನ ಹೆಂಡತಿ ಇಬ್ಬರೇ.

ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಇತ್ತು. ಆಮೇಲೆ ಕ್ಯಾಕ್ಸ್‌ಟನ್ ಹಾಲ್ ಮುಂದೆ ನಿಂತೆವು. ಗೈಡ್ ಹೇಳಿದ್ದು ಇಷ್ಟೇ: "1940ರಲ್ಲಿ ಒಬ್ಬ ಭಾರತೀಯ ಇಲ್ಲಿ ಜನರಲ್ ಡಯರ್‌ನನ್ನು ಗುಂಡಿಟ್ಟು ಕೊಂದ. ಬನ್ನಿ, ಮುಂದೆ ಹೋಗೋಣ." ಹೆಸರೂ ಇಲ್ಲ, ಕಾರಣವೂ ಇಲ್ಲ. ಕೊಂದದ್ದು ಯಾರನ್ನು ಅನ್ನುವುದೂ ತಪ್ಪು. ನಾನು ಕೈ ಎತ್ತಿ, "ಸ್ವಾಮಿ, ಅದು ಜನರಲ್ ಡಯರ್ ಅಲ್ಲ, ಮೈಕೇಲ್ ಓಡ್ವಯರ್" ಅಂದೆ. "ಅದೇ ಅದೇ" ಅಂತ ನಕ್ಕು ನಡೆದೇಬಿಟ್ಟ. ಮುಂದಿನ ಹೋಟೆಲಿನ ಹತ್ತಿರ ಸಿನಿಮಾ ಗೂಢಚಾರರು ಕುಡಿಯುವ ಕಾಕ್‌ಟೇಲ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ. ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ.

ನನ್ನ ಪ್ರಶ್ನೆ ಎರಡು. ಇದನ್ನೆಲ್ಲ ನಾವೇ ನಡೆದು ನೋಡುವ ಒಂದು ದಾರಿ ಯಾರಾದರೂ ಹೇಳುತ್ತೀರಾ? ನನ್ನವಳಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಆಗುವುದಿಲ್ಲ. ಎರಡನೆಯದು, ಗೂಢಚಾರರನ್ನೂ ಕ್ರಾಂತಿಕಾರಿಗಳನ್ನೂ ಒಂದೇ ಟೂರಿನಲ್ಲಿ ಕಟ್ಟಿಹಾಕುವುದು ಸರಿಯಾ? ನನಗಂತೂ ಎಣ್ಣೆ ಸೀಗೆಕಾಯಿ ಅನ್ನಿಸಿತು.

ಕಾಫಿಬಟ್ಟಲು
ಮೇಷ್ಟ್ರೇ, ಪಾಪ ಆ ಗೈಡು. ತನ್ನ ಗುಂಪಿನಲ್ಲಿ ಒಬ್ಬ ಇತಿಹಾಸದ ಮೇಷ್ಟ್ರು ಇದ್ದಾರೆ ಅಂತ ಅವನಿಗೆ ಕನಸು ಬಿದ್ದಿತ್ತಾ? 😄

ಅನುಮಾನಪ್ಪ
ಇಬ್ಬರ ಹೆಸರೂ ಒಂದೇ ಥರ ಕೇಳುತ್ತದೆ. ಪ್ರವಾಸಿಗರಿಗೆ ಅಷ್ಟು ಸಾಕು. ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾ?

ಹಳೇಮೇಷ್ಟ್ರು
ಅನುಮಾನಪ್ಪನವರೇ, ಕೆಡಿಸಿಕೊಳ್ಳಬೇಕು. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ನಿಂತು ಗುಂಡು ಹಾರಿಸಿ ಅಂದವನು ರೆಜಿನಾಲ್ಡ್ ಡಯರ್. ಅವನು 1927ರಲ್ಲೇ ಹಾಸಿಗೆಯ ಮೇಲೆ ಸತ್ತ. ಮೈಕೇಲ್ ಓಡ್ವಯರ್ ಆಗ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್. ಡಯರ್ ಮಾಡಿದ್ದು ಸರಿ ಅಂತ ಕೊನೆಯವರೆಗೂ ಸಮರ್ಥಿಸಿಕೊಂಡವನು. ಊಧಮ್ ಸಿಂಗ್ 1940ರ ಮಾರ್ಚ್ 13ರಂದು ಕೊಂದದ್ದು ಇವನನ್ನು. ಒಬ್ಬ ಟ್ರಿಗರ್ ಒತ್ತಿಸಿದವನು, ಇನ್ನೊಬ್ಬ ಅದಕ್ಕೆ ಬೆನ್ನು ತಟ್ಟಿದ ಸರ್ಕಾರ. ಕೊಂದದ್ದು ಡಯರ್‌ನನ್ನು ಅಂದುಬಿಟ್ಟರೆ ಅದು ಒಬ್ಬ ಕ್ರೂರ ಸೈನಿಕನ ಮೇಲಿನ ಸೇಡಿನ ಕಥೆ ಆಗಿಬಿಡುತ್ತದೆ. ಆಡಳಿತದ ಪಾಲು ಮಾಯವಾಗುತ್ತದೆ. ಹೆಸರು ತಪ್ಪಿದರೆ ಕಥೆಯೇ ತಪ್ಪಿತು.

ಕಾಫಿಬಟ್ಟಲು
ಸರಿ ಸಾರ್, ಬೆಂಚಿನ ಮೇಲೆ ನಿಂತ್ಕೋತೀನಿ.

ಥೇಮ್ಸ್‌ದಂಡೆ
ಮೇಷ್ಟ್ರೇ, ನಾನು ಇಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಊರಿನಿಂದ ಯಾರೇ ಬಂದರೂ ಇದೇ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ. ಪೂರ್ತಿ ಸಮತಟ್ಟು. ಒಂದೇ ಕಡೆ ಮೆಟ್ಟಿಲಿದೆ, ಅದನ್ನೂ ತಪ್ಪಿಸಬಹುದು. ಒಟ್ಟು ನಾಲ್ಕೈದು ಕಿಲೋಮೀಟರ್, ನಿಂತು ನಿಂತು ಹೋದರೆ ಅರ್ಧ ದಿನ.

ಸೇಂಟ್ ಜೇಮ್ಸ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿಯಿರಿ. ಎದುರಿಗೆ 54 ಬ್ರಾಡ್‌ವೇ. ಬ್ರಿಟನ್ನಿನ ವಿದೇಶಿ ಗುಪ್ತಚರ ಸಂಸ್ಥೆ ಎಂಐ6 ಯುದ್ಧದ ಕಾಲದಲ್ಲಿ ಇದ್ದದ್ದು ಇಲ್ಲೇ. ಬಾಗಿಲಲ್ಲಿ ಬೆಂಕಿ ಆರಿಸುವ ಯಂತ್ರದ ಕಂಪನಿ ಅಂತ ಬೋರ್ಡು ಹಾಕಿಕೊಂಡಿದ್ದರು! ಅಲ್ಲಿಂದ ಎರಡು ನಿಮಿಷಕ್ಕೆ ಕ್ಯಾಕ್ಸ್‌ಟನ್ ಸ್ಟ್ರೀಟ್. ಸೇಂಟ್ ಅರ್ಮಿನ್ಸ್ ಹೋಟೆಲ್, ಅದೇ ಬೀದಿಯಲ್ಲಿ ಕ್ಯಾಕ್ಸ್‌ಟನ್ ಹಾಲ್. ಆಮೇಲೆ ಕಿಂಗ್ ಚಾರ್ಲ್ಸ್ ಸ್ಟ್ರೀಟ್ ಕಡೆ ನಡೆಯಿರಿ. ಮೆಟ್ಟಿಲ ಪಕ್ಕದಲ್ಲಿ ಚರ್ಚಿಲ್ ವಾರ್ ರೂಮ್ಸ್, ಯುದ್ಧ ನಡೆಸಿದ ನೆಲಮಾಳಿಗೆ. ಅಲ್ಲೇ ಮೇಲೆ ರಾಬರ್ಟ್ ಕ್ಲೈವ್‌ನ ಪ್ರತಿಮೆ ನಿಂತಿದೆ. ಪ್ಲಾಸಿಯ ಕ್ಲೈವೇ. ನಮ್ಮಪ್ಪ ಅದರ ಮುಂದೆ ಫೋಟೋ ತೆಗೆಸಿಕೊಳ್ಳಲು ಸುತರಾಂ ಒಪ್ಪಲಿಲ್ಲ.

ಮುಂದೆ ವೈಟ್‌ಹಾಲ್ ದಾಟಿ ನಾರ್ಥಂಬರ್‌ಲ್ಯಾಂಡ್ ಅವೆನ್ಯೂ. ಅಲ್ಲಿದ್ದ ಹೋಟೆಲ್ ವಿಕ್ಟೋರಿಯಾದಲ್ಲೇ 1942ರ ನವೆಂಬರಿನಲ್ಲಿ ಎಸ್‌ಒಇ (ಶತ್ರುವಿನ ಹಿಡಿತದಲ್ಲಿದ್ದ ದೇಶಗಳ ಬಂಡಾಯಕ್ಕೆ ಸಹಾಯ ಮಾಡುತ್ತಿದ್ದ ಬ್ರಿಟನ್ನಿನ ಗುಪ್ತ ಸಂಸ್ಥೆ) ಕೆಲಸಕ್ಕೆ ನೂರ್ ಇನಾಯತ್ ಖಾನ್‌ಳ ಇಂಟರ್‌ವ್ಯೂ ಆಗಿದ್ದು. ವಾಪಸ್ ಬಂದು ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿದರೆ ನದಿಯ ದಂಡೆ. ಪಾರ್ಲಿಮೆಂಟಿನ ಎದುರು ದಡದಲ್ಲಿ ಎಸ್‌ಒಇ ಸ್ಮಾರಕ, ಅದರ ಮೇಲೆ ಆ ಸಂಸ್ಥೆಯ ಏಜೆಂಟ್ ವಯೊಲೆಟ್ ಸಾಬೋಳ ಮುಖ. ಹಾಗೇ ಮುಂದೆ ನಡೆದರೆ, ಲ್ಯಾಂಬೆತ್ ಸೇತುವೆ ಆದ ಮೇಲೆ, ನಮ್ಮ ಬಸವಣ್ಣ! ಕೊನೆಗೆ ವಾಕ್ಸ್‌ಹಾಲ್‌ನಲ್ಲಿ ಈಗಿನ ಎಂಐ6 ಕಟ್ಟಡ. ಅಲ್ಲೇ ಟ್ಯೂಬ್ ಸ್ಟೇಷನ್ ಇದೆ, ಮನೆಗೆ ಹೋಗಿ.

ಮಲ್ಲಿಗೆಮೊಗ್ಗು
ಬಸವಣ್ಣನವರ ಪ್ರತಿಮೆ ಬೇಹುಗಾರರ ಕಟ್ಟಡದ ದಾರಿಯಲ್ಲಾ! ಇದು ಗೊತ್ತೇ ಇರಲಿಲ್ಲ.

ಥೇಮ್ಸ್‌ದಂಡೆ
ಹೌದು ಅಕ್ಕಾ. 2015ರ ನವೆಂಬರ್ 14ರಂದು ಅನಾವರಣ ಆಗಿದ್ದು. ಆ ಕೆಲಸ ಹಿಡಿದು ಮಾಡಿಸಿದವರು ಲ್ಯಾಂಬೆತ್‌ನ ಮೇಯರ್ ಆಗಿದ್ದ ನಮ್ಮ ಕಲಬುರಗಿ ಕಡೆಯವರು.

ಕಾಫಿಬಟ್ಟಲು
"ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ" ಅಂದವರನ್ನು ತಂದು ಎಂಐ6 ಪಕ್ಕದಲ್ಲಿ ನಿಲ್ಲಿಸಿದ್ದಾರೆ. ಅವರ ಕೆಲಸವೇ ಆ ಮೂರು!

ಮೋರ್ಸ್‌ಮಾಮ
ಹಹ್ಹಾ, ಇದನ್ನು ಆ ಕಟ್ಟಡದ ಗೋಡೆಗೆ ಅಂಟಿಸಬೇಕು.

ಅನುಮಾನಪ್ಪ
ಥೇಮ್ಸ್‌ದಂಡೆಯವರು ನೂರ್ ಹೆಸರು ಎತ್ತಿದ್ದಾರೆ. ಒಂದು ಮಾತು ಹೇಳಿಬಿಡುತ್ತೇನೆ. ವಾಟ್ಸಾಪಿನಲ್ಲಿ "ಟಿಪ್ಪುವಿನ ಮೊಮ್ಮಗಳು ಬ್ರಿಟಿಷರ ಗೂಢಚಾರಿಣಿ" ಅಂತ ಓಡಾಡುತ್ತಿದೆ. ಮೊಮ್ಮಗಳೂ ಅಲ್ಲ, ಮರಿಮಗಳೂ ಅಲ್ಲ.

ಮಲ್ಲಿಗೆಮೊಗ್ಗು
ಮೊಮ್ಮಗಳು ಅಲ್ಲ ಅನ್ನುವುದು ಸರಿ. ಆದರೆ ಸಂಬಂಧವೇ ಇಲ್ಲ ಅಂತಲ್ಲ. ಟಿಪ್ಪುವಿನಿಂದ ಕೆಳಗೆ ಐದನೇ ತಲೆಮಾರು, ಅದೂ ಅಪ್ಪನ ತಾಯಿಯ ಕಡೆಯಿಂದ. ಅಪ್ಪ ಇನಾಯತ್ ಖಾನ್ ಬರೋಡಾದವರು, ವೀಣೆ ನುಡಿಸುತ್ತಿದ್ದ ಸೂಫಿ. ಅವರ ತಾಯಿಯ ತಂದೆ ಮೌಲಾ ಬಕ್ಷ್ ದೊಡ್ಡ ಸಂಗೀತಗಾರರು. ಮೈಸೂರಿನ ಒಡೆಯರ ಆಸ್ಥಾನದಲ್ಲಿ ಸನ್ಮಾನ ಪಡೆದವರು. ಅವರು ಮದುವೆಯಾದದ್ದು ಟಿಪ್ಪುವಿನ ಮನೆತನದ ಹುಡುಗಿಯನ್ನು. ಸಂಬಂಧದ ಎಳೆ ಎಲ್ಲೆಲ್ಲಿ ಸುತ್ತಿಕೊಂಡು ಬಂದಿದೆ ನೋಡಿ!

ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಾಯಿ ಅಮೆರಿಕದವರು. ಬೆಳೆದದ್ದು ಪ್ಯಾರಿಸ್ ಹತ್ತಿರ. ಮಕ್ಕಳಿಗಾಗಿ ಜಾತಕ ಕಥೆಗಳನ್ನು ಬರೆದವಳು. 1940ರಲ್ಲಿ ಜರ್ಮನ್ನರು ಫ್ರಾನ್ಸಿಗೆ ನುಗ್ಗಿದಾಗ ಮನೆಯವರ ಜೊತೆ ಇಂಗ್ಲೆಂಡಿಗೆ ಓಡಿಬಂದಳು. 1943ರ ಜೂನ್‌ನಲ್ಲಿ ರಾತ್ರಿ ವಿಮಾನದಲ್ಲಿ ಅದೇ ಫ್ರಾನ್ಸಿಗೆ ವಾಪಸ್, ಈ ಸಲ ವೈರ್‌ಲೆಸ್ ಆಪರೇಟರ್ ಆಗಿ. ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿಗೆ ಬ್ರಿಟನ್ ಕಳಿಸಿದ ಮೊದಲ ಮಹಿಳಾ ಆಪರೇಟರ್ ಅವಳೇ. "ಮ್ಯಾಡಲೀನ್" ಅನ್ನುವುದು ಗುಪ್ತನಾಮ.

ಹೋದ ಕೆಲವೇ ದಿನಕ್ಕೆ ಅವಳ ತಂಡದವರೆಲ್ಲ ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ವಾಪಸ್ ಬಾ ಅಂದರು, ಬರಲಿಲ್ಲ. ಪ್ಯಾರಿಸ್ಸಿನಲ್ಲಿ ಮನೆಯಿಂದ ಮನೆಗೆ ಜಾಗ ಬದಲಿಸುತ್ತಾ ಮೂರೂವರೆ ತಿಂಗಳು ಒಬ್ಬಳೇ ಸಂದೇಶ ಕಳಿಸಿದಳು. ಅಕ್ಟೋಬರಿನಲ್ಲಿ ಸಿಕ್ಕಿಬಿದ್ದಳು. ಎರಡು ಸಲ ತಪ್ಪಿಸಿಕೊಳ್ಳಲು ನೋಡಿದಳು. ಹತ್ತು ತಿಂಗಳು ಕೈಕಾಲಿಗೆ ಸರಪಳಿ. 1944ರ ಸೆಪ್ಟೆಂಬರ್ 13ರಂದು ಡಖಾವ್‌ನಲ್ಲಿ ಇನ್ನೂ ಮೂವರು ಹೆಣ್ಣುಮಕ್ಕಳ ಜೊತೆ ಗುಂಡಿಟ್ಟು ಕೊಂದರು. ಮೂವತ್ತು ವರ್ಷ.

ನನ್ನ ಮಗಳನ್ನು ಗಾರ್ಡನ್ ಸ್ಕ್ವೇರ್‌ಗೆ ಕರೆದುಕೊಂಡು ಹೋಗಿ ಅವಳ ಪ್ರತಿಮೆ ತೋರಿಸಿದೆ. ಹದಿಮೂರು ವರ್ಷದ ಹುಡುಗಿ, ಫೋನಿನಿಂದ ತಲೆ ಎತ್ತುವುದೇ ಅಪರೂಪ. ಅಲ್ಲಿ ಮಾತ್ರ ಸುಮ್ಮನೆ ನಿಂತಿದ್ದಳು. ಪಕ್ಕದ ಬೀದಿಯಲ್ಲೇ 4 ಟ್ಯಾವಿಟನ್ ಸ್ಟ್ರೀಟ್, ಅವಳ ಮನೆ. 2020ರಲ್ಲಿ ನೀಲಿ ಫಲಕ ಹಾಕಿದ್ದಾರೆ.

ಮೋರ್ಸ್‌ಮಾಮ
ಈ ಎಳೆಗೆ ನಾನು ಬಂದದ್ದೇ ಈ ಕಥೆಗೆ. ತಾರು ಕಚೇರಿಯಲ್ಲಿ ಕೀ ಒತ್ತಿ ಒತ್ತಿ ಬೆರಳು ಸವೆಸಿದವನು ನಾನು. ಹಾಗಾಗಿ ಒಂದು ಮಾತು.

ಮೋರ್ಸ್ ಅಂದರೆ ಬರೀ ಚುಕ್ಕಿ ಗೆರೆ ಅಲ್ಲ. ಅದಕ್ಕೆ ಕೈ ಇರುತ್ತದೆ, ಕೈಬರಹದ ಹಾಗೆ. ಆ ಕಡೆ ಲೈನಿನಲ್ಲಿ ಯಾರು ಕೂತಿದ್ದಾರೆ ಅಂತ ನಾಲ್ಕು ಪದ ಕೇಳಿದರೆ ಹೇಳಿಬಿಡುತ್ತಿದ್ದೆವು. ಒಬ್ಬರದ್ದು ಓಟ, ಒಬ್ಬರದ್ದು ಕುಂಟು. ಹೆಂಡತಿ ಜೊತೆ ಜಗಳ ಆಡಿ ಬಂದಿದ್ದರೆ ಅದೂ ಗೊತ್ತಾಗುತ್ತಿತ್ತು. ಲಂಡನ್ನಿನವರೂ ತಮ್ಮ ಆಪರೇಟರ್‌ಗಳನ್ನು ಹೀಗೇ ಗುರುತು ಹಿಡಿಯುತ್ತಿದ್ದರು. ಗೊತ್ತಿದ್ದ ಜರ್ಮನ್ನರು ಅದನ್ನೂ ನಕಲು ಮಾಡಲು ಕಲಿತರು.

ಆ ಸೂಟ್‌ಕೇಸ್ ಸೆಟ್ಟು ಹದಿನೈದು ಕೆಜಿ ಹತ್ತಿರ ಇತ್ತು. ಮೇಲೆ ಇಪ್ಪತ್ತು ಮೀಟರಿನಷ್ಟು ಉದ್ದದ ಏರಿಯಲ್ ತಂತಿ. ಅದನ್ನು ಊರ ಮಧ್ಯೆ ಎಲ್ಲಿ ಕಟ್ಟುತ್ತೀರಿ? ಬಟ್ಟೆ ಒಣಗಿಸುವ ಹಗ್ಗ ಅಂತ ನಂಬಿಸಬೇಕು. ಜಾಸ್ತಿ ಹೊತ್ತು ಸಂದೇಶ ಕಳಿಸುತ್ತಾ ಕೂತರೆ ಜರ್ಮನ್ನರ ವ್ಯಾನು ದಿಕ್ಕು ಹುಡುಕಿಕೊಂಡು ಬೀದಿಗೇ ಬರುತ್ತದೆ. ಪ್ಯಾರಿಸ್ಸಿನ ಆಪರೇಟರ್ ಆರು ವಾರ ಉಳಿದರೆ ಹೆಚ್ಚು ಅಂತ ಲೆಕ್ಕ ಹಾಕುತ್ತಿದ್ದರು. ಆ ಹುಡುಗಿ ಮೂರೂವರೆ ತಿಂಗಳು ಎಳೆದಳು. ನಮಗೆಲ್ಲ ಫ್ಯಾನ್ ಕೆಳಗೆ ಕೂತೇ ಕೈ ನಡುಗುತ್ತಿತ್ತು.

ಅನುಮಾನಪ್ಪ
ಒಪ್ಪಿದೆ. ಆದರೆ ಒಂದು ತಪ್ಪನ್ನೂ ಹೇಳಬೇಕಲ್ವಾ? ಕಳಿಸಿದ ಸಂದೇಶಗಳನ್ನೆಲ್ಲ ಅವಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ಅದು ಜರ್ಮನ್ನರ ಕೈಗೆ ಸಿಕ್ಕಿತು. ಅವಳ ಹೆಸರಿನಲ್ಲೇ ಲಂಡನ್ನಿಗೆ ಸಂದೇಶ ಕಳಿಸಿದರು. ಅದನ್ನು ನಂಬಿ ಇಳಿದ ಏಜೆಂಟರು ನೇರ ಜೈಲಿಗೆ ಹೋದರು.

ಮೋರ್ಸ್‌ಮಾಮ
ಆ ತಪ್ಪು ಅವಳೊಬ್ಬಳದ್ದಾ? ಆಪರೇಟರ್‌ಗಳು ಪ್ರತಿ ಸಂದೇಶದಲ್ಲೂ ಬೇಕಂತಲೇ ಒಂದು ಸಣ್ಣ ತಪ್ಪು ಹಾಕಬೇಕು ಅಂತ ಒಪ್ಪಂದ ಇತ್ತು. ಆ ತಪ್ಪು ಇಲ್ಲ ಅಂದರೆ ಆಪರೇಟರ್ ಸಿಕ್ಕಿಬಿದ್ದಿದ್ದಾನೆ ಅಂತ ಲಂಡನ್ ತಿಳಿದುಕೊಳ್ಳಬೇಕು. ಅವಳ ಜೊತೆಗಾರ ಆಪರೇಟರ್ ಒಬ್ಬ ಸಿಕ್ಕಿಬಿದ್ದ ಮೇಲೆ ಅವನ ಹೆಸರಿನಲ್ಲಿ ಬಂದ ಸಂದೇಶದಲ್ಲಿ ಆ ಗುರುತು ಇರಲಿಲ್ಲ. ಲಂಡನ್ ಕಚೇರಿ ಕೊಟ್ಟ ಉತ್ತರ ಏನು ಗೊತ್ತಾ? ಗುರುತು ಹಾಕೋದು ಮರೆತಿದ್ದೀಯ, ಮುಂದಿನ ಸಲ ಹುಷಾರು ಅಂತ ಗದರಿದರು! ಅದನ್ನು ಓದಿದ್ದು ಯಾರು? ಜರ್ಮನ್ನರು. ಹೀಗೊಂದು ಗುಟ್ಟಿನ ಗುರುತು ಇದೆ ಅಂತ ಅವರಿಗೆ ಪುಕ್ಕಟೆ ಪಾಠ ಆಯಿತು. ಆ ಹುಡುಗಿಯ ನೋಟ್‌ಬುಕ್ ಬಗ್ಗೆ ಮಾತಾಡುವ ಮೊದಲು ಕುರ್ಚಿ ಮೇಲೆ ಕೂತವರ ಬಗ್ಗೆ ಮಾತಾಡಿ.

ಮಲ್ಲಿಗೆಮೊಗ್ಗು
ಮಾಮಾ, ಇದಕ್ಕೆ ಚಪ್ಪಾಳೆ.

ಕಾಫಿಬಟ್ಟಲು
ಕೋಡ್‌ಗೆ ಪದ್ಯ ಬಳಸುತ್ತಿದ್ದರಂತೆ, ಹೌದಾ ಮಾಮಾ?

ಮೋರ್ಸ್‌ಮಾಮ
ಹೌದು. ಏಜೆಂಟ್ ಒಂದು ಪದ್ಯ ಬಾಯಿಪಾಠ ಮಾಡಬೇಕು. ಅದರಿಂದ ಐದು ಪದ ಆರಿಸಿ, ಅಕ್ಷರಗಳಿಗೆ ನಂಬರು ಹಾಕಿ, ಆ ಕ್ರಮದಲ್ಲಿ ಸಂದೇಶವನ್ನು ಕಲಸಿಬಿಡುವುದು. ತೊಂದರೆ ಏನಂದರೆ ಎಲ್ಲರಿಗೂ ಗೊತ್ತಿರುವ ಪದ್ಯ ಆದರೆ ಶತ್ರು ಪುಸ್ತಕ ತೆಗೆದು ಹುಡುಕಿಬಿಡುತ್ತಾನೆ. ಬೇಕರ್ ಸ್ಟ್ರೀಟಿನ ಎಸ್‌ಒಇ ಕಚೇರಿಯಲ್ಲಿ ಲಿಯೋ ಮಾರ್ಕ್ಸ್ ಅಂತ ಒಬ್ಬ ಹುಡುಗ ಇದ್ದ, ಪುಸ್ತಕದಂಗಡಿಯವನ ಮಗ. ಅವನು ಹೊಸ ಪದ್ಯ ತಾನೇ ಬರೆದು ಕೊಡುತ್ತಿದ್ದ. ಆಮೇಲೆ ಪದ್ಯವೇ ಬೇಡ ಅಂತ ರೇಷ್ಮೆ ಬಟ್ಟೆಯ ಮೇಲೆ ಕೀಲಿಗಳನ್ನು ಅಚ್ಚು ಹಾಕಿಸಿದ. ಒಂದು ಸಲ ಬಳಸಿದ ಸಾಲನ್ನು ಕತ್ತರಿಸಿ ಸುಟ್ಟುಬಿಡುವುದು. ತಲೆಯಲ್ಲಿದ್ದರೆ ಹೊಡೆದು ಬಾಯಿಬಿಡಿಸಬಹುದು, ಸುಟ್ಟದ್ದನ್ನು ಎಲ್ಲಿಂದ ತರುತ್ತಾರೆ?

ಕಾಫಿಬಟ್ಟಲು
ಸರ್ವಜ್ಞನ ತ್ರಿಪದಿ ಕೊಟ್ಟಿದ್ದರೆ ಬರ್ಲಿನ್ನಿನಲ್ಲಿ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದರು.

ಬೆಟ್ಟದಜೀವಿ
ನಾನು ಮೇಷ್ಟ್ರ ಎರಡನೇ ಪ್ರಶ್ನೆಗೆ ಬರುತ್ತೇನೆ. ಎಲ್ಲರೂ ಅದನ್ನು ಬಿಟ್ಟು ಊರೆಲ್ಲ ಸುತ್ತುತ್ತಿದ್ದೀರಿ.

ಎಣ್ಣೆ ಸೀಗೆಕಾಯಿ ಅಂದಿರಿ. ನನಗೆ ಹಾಗನ್ನಿಸುವುದಿಲ್ಲ. ತಾರೀಕು ನೋಡಿ. 1940ರ ಜುಲೈ 22ರಂದು ಬ್ರಿಟಿಷ್ ಸಂಪುಟ ಎಸ್‌ಒಇಗೆ ಒಪ್ಪಿಗೆ ಕೊಟ್ಟಿತು. ಅದರ ಕೆಲಸ ಏನು? ಪರರ ಆಳ್ವಿಕೆಯಲ್ಲಿರುವ ದೇಶಗಳಿಗೆ ಗುಟ್ಟಾಗಿ ಆಯುಧ ಕಳಿಸುವುದು, ರೈಲು ಉರುಳಿಸುವುದು, ಬೇಕಾದರೆ ಅಧಿಕಾರಿಗಳನ್ನು ಕೊಲ್ಲಿಸುವುದು. ಯೂರೋಪಿಗೆ ಬೆಂಕಿ ಹಚ್ಚಿ ಅಂತ ಚರ್ಚಿಲ್ ಹೇಳಿದ್ದು ಇವರಿಗೇ. ಅದಾಗಿ ಒಂಬತ್ತೇ ದಿನಕ್ಕೆ, ಜುಲೈ 31ರಂದು, ಅದೇ ಲಂಡನ್ನಿನ ಪೆಂಟನ್‌ವಿಲ್ ಜೈಲಿನಲ್ಲಿ ಊಧಮ್ ಸಿಂಗ್‌ಗೆ ಗಲ್ಲು.

ಎಸ್‌ಒಇ ಶುರುವಾದದ್ದು ಎಲ್ಲಿ? ಅದೇ ಕ್ಯಾಕ್ಸ್‌ಟನ್ ಸ್ಟ್ರೀಟಿನಲ್ಲಿ, ಸೇಂಟ್ ಅರ್ಮಿನ್ಸ್ ಹೋಟೆಲ್ ಹತ್ತಿರದ ಕೋಣೆಗಳಲ್ಲಿ. ಬೇಕರ್ ಸ್ಟ್ರೀಟಿಗೆ ಹೋದದ್ದು ಆ ವರ್ಷದ ಅಕ್ಟೋಬರಿನ ಕೊನೆಗೆ. ಅಂದರೆ ಊಧಮ್ ಸಿಂಗ್ ಗುಂಡು ಹಾರಿಸಿದ ಬೀದಿಯಲ್ಲೇ ಕೂತು, ಬೇರೆ ದೇಶದವರಿಗೆ ಗುಂಡು ಹಾರಿಸುವುದು ಹೇಗೆ ಅಂತ ಯೋಜನೆ ಹಾಕುತ್ತಿದ್ದರು. ನಿಮ್ಮ ಗೈಡ್ ಕಾಕ್‌ಟೇಲ್ ಕಥೆ ಹೇಳಿದ್ದು ಬಹುಶಃ ಅದೇ ಹೋಟೆಲಿನ ಮುಂದೆ. ಎರಡನ್ನೂ ಒಂದೇ ಟೂರಿನಲ್ಲಿ ಇಟ್ಟದ್ದು ತಪ್ಪಲ್ಲ. ಪಕ್ಕಪಕ್ಕ ನಿಲ್ಲಿಸಿ ಮಾತಾಡದೆ ಹೋದದ್ದು ತಪ್ಪು.

ಹಳೇಮೇಷ್ಟ್ರು
ಒಂಬತ್ತು ದಿನ! ಇಷ್ಟು ವರ್ಷ ಪಾಠ ಮಾಡಿದರೂ ಈ ಎರಡು ತಾರೀಕುಗಳನ್ನು ನಾನು ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಸಿಲಬಸ್ಸಿನಲ್ಲಿ ಒಂದು ಭಾರತದ ಪಾಠ, ಇನ್ನೊಂದು ಎರಡನೇ ಮಹಾಯುದ್ಧದ ಪಾಠ. ಮಧ್ಯೆ ನಾಲ್ಕು ಅಧ್ಯಾಯ ದೂರ.

ಅನುಮಾನಪ್ಪ
ಬೆಟ್ಟದಜೀವಿಯವರ ಹೋಲಿಕೆ ಕೇಳಲು ಚೆನ್ನಾಗಿದೆ. ಆದರೆ ಒಂದು ಯುದ್ಧದ ಮಧ್ಯೆ ನಡೆದದ್ದು. ಇನ್ನೊಂದು ಇಪ್ಪತ್ತು ವರ್ಷದ ಹಿಂದೆ ಅಧಿಕಾರ ಬಿಟ್ಟ 75 ವರ್ಷದ ಮುದುಕನನ್ನು ಸಭೆಯಲ್ಲಿ ಕೊಂದದ್ದು. ಗಾಂಧೀಜಿಯೇ ಅದನ್ನು ಹುಚ್ಚುತನ ಅಂದರು. ನೆಹರೂ ಕೂಡ ಆಗ ಖಂಡಿಸಿದರು. ನಾವು ಈಗ ಕೂತು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸುಲಭ.

ಬೆಟ್ಟದಜೀವಿ
ತಕ್ಕಡಿ ಒಂದೇ ಇರಬೇಕು ಅನ್ನುವುದೇ ನನ್ನ ವಾದ. ಪರರ ಆಳ್ವಿಕೆ ಅಂದರೆ ಫ್ರಾನ್ಸಿಗೆ ಒಂದು ಅರ್ಥ, ಪಂಜಾಬಿಗೆ ಇನ್ನೊಂದು ಅರ್ಥವಾ? ಊಧಮ್ ಸಿಂಗ್ ಪೊಲೀಸರಿಗೆ ಕೊಟ್ಟ ಹೆಸರು ರಾಮ್ ಮೊಹಮ್ಮದ್ ಸಿಂಗ್ ಆಜಾದ್. ತಾನು ಯಾರ ಪರವಾಗಿ ನಿಂತಿದ್ದೇನೆ ಅನ್ನುವುದನ್ನು ಹೆಸರಿನಲ್ಲೇ ಹೇಳಿದ.

ಅನುಮಾನಪ್ಪ
ಉದ್ದೇಶ ಒಳ್ಳೆಯದಿದ್ದರೆ ಮಾಡಿದ್ದೆಲ್ಲ ಸರಿಯಾ?

ಬೆಟ್ಟದಜೀವಿ
ಇದನ್ನೇ ಎಸ್‌ಒಇ ಬಗ್ಗೆಯೂ ಕೇಳಿ. ಕೇಳುವುದಿದ್ದರೆ ಇಬ್ಬರನ್ನೂ ಕೇಳಿ.

ಮಲ್ಲಿಗೆಮೊಗ್ಗು
ಇಬ್ಬರೂ ಸ್ವಲ್ಪ ನೀರು ಕುಡಿಯಿರಿ. ನೂರ್ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಅವಳಿಗೇ ಕೇಳಿದ್ದರು ಗೊತ್ತಾ? ವಾಯುಪಡೆಯ ಬಡ್ತಿಯ ಇಂಟರ್‌ವ್ಯೂನಲ್ಲಿ ಭಾರತದ ಸ್ವಾತಂತ್ರ್ಯದ ಬಗ್ಗೆ ಏನಂತೀಯ ಅಂದರು. ಯುದ್ಧ ಮುಗಿಯುವವರೆಗೆ ಬ್ರಿಟನ್ ಪರ, ಆಮೇಲೆ ನನ್ನ ದೇಶದ ಪರ ನಿಲ್ಲಬೇಕಾಗಬಹುದು ಅನ್ನುವ ಅರ್ಥದ ಉತ್ತರ ಕೊಟ್ಟಳು. ಸುಳ್ಳು ಹೇಳಿ ಬಡ್ತಿ ತೆಗೆದುಕೊಳ್ಳುವ ಬುದ್ಧಿಯೇ ಇಲ್ಲ. ಇಂಥವಳನ್ನು ಗೂಢಚಾರಿಣಿ ಅನ್ನುತ್ತೀರಾ?

ಮೋರ್ಸ್‌ಮಾಮ
ಗೂಢಚಾರಿಣಿ ಅನ್ನುವುದೇ ಸರಿಯಲ್ಲ ಅಮ್ಮಾ. ಗುಟ್ಟು ಕದಿಯುವುದು ಎಂಐ6 ಕೆಲಸ. ಎಸ್‌ಒಇಯದ್ದು ಬಂಡಾಯಕ್ಕೆ ಸಹಾಯ ಮಾಡುವ ಕೆಲಸ. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಸೇತುವೆ ಕೆಡವಿದರೆ ಪೊಲೀಸರು ಊರೆಲ್ಲ ಜಾಲಾಡುತ್ತಾರೆ, ಆಗ ಸದ್ದಿಲ್ಲದೆ ಕೂತ ಗೂಢಚಾರನೂ ಸಿಕ್ಕಿಬೀಳುತ್ತಾನೆ ಅಲ್ವಾ?

ಇತಿಹಾಸಪ್ರಿಯ
ಕ್ಯಾಕ್ಸ್‌ಟನ್ ಹಾಲ್ ಬಗ್ಗೆ ಇನ್ನೊಂದು ಸಂಗತಿ ಯಾರೂ ಹೇಳಲಿಲ್ಲ. 1909ರ ಜುಲೈ 1ರಂದು ಮದನ್ ಲಾಲ್ ಧಿಂಗ್ರಾ ಸೌತ್ ಕೆನ್ಸಿಂಗ್ಟನ್ನಿನ ಇಂಪೀರಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಬ್ರಿಟಿಷ್ ಅಧಿಕಾರಿ ಕರ್ಜನ್ ವೈಲಿಯನ್ನು ಕೊಂದ. ಅಡ್ಡ ಬಂದ ಡಾಕ್ಟರ್ ಲಾಲಕಾಕಾ ಕೂಡ ಸತ್ತರು. ನಾಲ್ಕು ದಿನ ಬಿಟ್ಟು ಲಂಡನ್ನಿನ ಭಾರತೀಯರು ಸಭೆ ಸೇರಿ ಧಿಂಗ್ರಾನನ್ನು ಖಂಡಿಸಿದರು. ಸಭೆ ನಡೆದದ್ದು ಇದೇ ಕ್ಯಾಕ್ಸ್‌ಟನ್ ಹಾಲಿನಲ್ಲಿ! ಸರ್ವಾನುಮತದ ನಿರ್ಣಯ ಅಂದಾಗ ಎದ್ದು ನಿಂತು ಒಪ್ಪುವುದಿಲ್ಲ ಅಂದವರು ಸಾವರ್ಕರ್. ಗಲಾಟೆ ಆಯಿತು. ಮರುವರ್ಷ ಮಾರ್ಚ್ 13ರಂದು ಅವರನ್ನು ಹತ್ತಿರದ ವಿಕ್ಟೋರಿಯಾ ಸ್ಟೇಷನ್ನಿನಲ್ಲಿ ಬಂಧಿಸಿದರು. ಸರಿಯಾಗಿ ಮೂವತ್ತು ವರ್ಷ ಬಿಟ್ಟು ಅದೇ ತಾರೀಕಿಗೆ ಊಧಮ್ ಸಿಂಗ್. ಇದು ಕಾಕತಾಳೀಯ, ಅಷ್ಟೇ. ಯಾರೂ ಸಂಖ್ಯಾಶಾಸ್ತ್ರ ಶುರು ಮಾಡಬೇಡಿ.

ಇಂಡಿಯಾ ಹೌಸ್ ಇದ್ದದ್ದು ಹೈಗೇಟ್‌ನ 65 ಕ್ರಾಮ್‌ವೆಲ್ ಅವೆನ್ಯೂದಲ್ಲಿ. ಶ್ಯಾಮಜಿ ಕೃಷ್ಣವರ್ಮ 1905ರಲ್ಲಿ ವಿದ್ಯಾರ್ಥಿಗಳ ಹಾಸ್ಟೆಲ್ ಅಂತ ತೆರೆದ ಮನೆ. ಅಲ್ಲಿ ಯಾರು ಬರುತ್ತಾರೆ, ಏನು ಓದುತ್ತಾರೆ ಅಂತ ನೋಡಲು ಸ್ಕಾಟ್‌ಲ್ಯಾಂಡ್ ಯಾರ್ಡ್ ಜನ ಬಿಟ್ಟಿತ್ತು. ವೈಲಿ ಸತ್ತ ವರ್ಷವೇ ಭಾರತೀಯ ಕ್ರಾಂತಿಕಾರಿಗಳ ಮೇಲೆ ಕಣ್ಣಿಡಲು ಲಂಡನ್ನಿನಲ್ಲಿ ಬೇರೆಯೇ ಒಂದು ಗುಪ್ತ ಕಚೇರಿ ಹುಟ್ಟಿತು. ಅಂದರೆ ಗೂಢಚಾರರ ಟೂರು ಬೇರೆ, ಕ್ರಾಂತಿಕಾರಿಗಳ ಟೂರು ಬೇರೆ ಅಂತ ಮಾಡಲು ಹೋದರೂ ಆಗುವುದಿಲ್ಲ. ಒಬ್ಬರ ಹಿಂದೆ ಒಬ್ಬರು ನಡೆಯುತ್ತಲೇ ಇದ್ದರು.

ಕೇಸರಿಬಾತ್77
ಸಾವರ್ಕರ್ ಹೆಸರು ಬಂತು. ಇನ್ನು ಅಂಡಮಾನ್ ಪತ್ರದವರು ಬರುತ್ತಾರೆ ನೋಡಿ.

ಕೆಂಪುದಾಸವಾಳ
ಬಂದೆ. ಪತ್ರ ಬರೆದದ್ದು ಸುಳ್ಳಾ?

ನಿರ್ವಾಹಕ
ಇಬ್ಬರಿಗೂ: ಇದಕ್ಕೆ 340 ಪ್ರತಿಕ್ರಿಯೆಗಳ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ ಹೊಡೆದಾಡಿ. ಟಿಪ್ಪು ವಿಷಯಕ್ಕೂ ಇದೇ ಮಾತು. ಇಲ್ಲಿ ಲಂಡನ್ ಬೀದಿಗಳು ಮಾತ್ರ. ಮುಂದಿನ ಆರು ಪ್ರತಿಕ್ರಿಯೆ ಅಳಿಸಿದ್ದೇನೆ.

ಕಾಫಿಬಟ್ಟಲು
ಆರೇನಾ? ಪರವಾಗಿಲ್ಲ, ನಾವು ಸುಧಾರಿಸಿದ್ದೇವೆ.

ಶನಿವಾರದಗೈಡ್
ಸ್ವಲ್ಪ ತಡವಾಗಿ ನೋಡಿದೆ. ನಾನೂ ಲಂಡನ್ನಿನಲ್ಲಿ ವಾರಾಂತ್ಯಕ್ಕೆ ಟೂರು ಮಾಡಿಸುತ್ತೇನೆ (ಮೇಷ್ಟ್ರು ಹೋದ ಟೂರು ನನ್ನದಲ್ಲ, ಮೊದಲೇ ಹೇಳಿಬಿಡುತ್ತೇನೆ!). ನಮ್ಮ ಕಡೆಯ ಕಷ್ಟವನ್ನೂ ಕೇಳಿ.

ಇಲ್ಲಿ ಗೈಡ್ ಆಗಲು ಲೈಸೆನ್ಸ್ ಏನೂ ಬೇಕಿಲ್ಲ. ಯಾರು ಬೇಕಾದರೂ ಕೊಡೆ ಹಿಡಿದು ಎದುರಿಗೆ ನಿಲ್ಲಬಹುದು. ಬ್ಲೂ ಬ್ಯಾಡ್ಜ್ ಅಂತ ಒಂದಿದೆ. ಅದಕ್ಕೆ ದೀರ್ಘ ತರಬೇತಿ, ಪರೀಕ್ಷೆ ಎಲ್ಲ ಇರುತ್ತದೆ. ಬುಕ್ ಮಾಡುವ ಮೊದಲು ಅದನ್ನು ಕೇಳಿ. ಉಳಿದವರಲ್ಲಿ ಒಳ್ಳೆಯವರಿಲ್ಲ ಅಂತಲ್ಲ, ನನ್ನ ಹತ್ತಿರವೂ ಆ ಬ್ಯಾಡ್ಜ್ ಇಲ್ಲ.

ಎರಡು ಗಂಟೆಯಲ್ಲಿ ಹನ್ನೆರಡು ಕಡೆ ನಿಲ್ಲಬೇಕು. ಒಂದು ಕಡೆಗೆ ಐದು ನಿಮಿಷ. ಬಸ್ಸಿನ ಸದ್ದು, ಮಳೆ, ಹಿಂದೆ ಉಳಿದ ಇಬ್ಬರು, ಟಾಯ್ಲೆಟ್ ಎಲ್ಲಿ ಅನ್ನುವ ಒಬ್ಬರು. ಕ್ಯಾಕ್ಸ್‌ಟನ್ ಹಾಲ್ ಈಗ ದುಬಾರಿ ಫ್ಲ್ಯಾಟುಗಳು. ಅಲ್ಲಿ ನೋಡಲು ಇರುವುದು ಕೆಂಪು ಇಟ್ಟಿಗೆಯ ಮುಂಭಾಗ ಅಷ್ಟೇ. ಜನ ಕಣ್ಣಿಗೆ ಕಾಣುವುದನ್ನು ಕೇಳುತ್ತಾರೆ. ಕಾಣದ್ದನ್ನು ನಿಲ್ಲಿಸಿ ತೋರಿಸುವುದೇ ನಮ್ಮ ಕೆಲಸದ ಕಷ್ಟ.

ಆದರೆ ಡಯರ್-ಓಡ್ವಯರ್ ತಪ್ಪಿಗೆ ಇದ್ಯಾವುದೂ ನೆಪ ಅಲ್ಲ. ಮೇಷ್ಟ್ರು ಕಂಪನಿಗೆ ಬರೆಯಲೇಬೇಕು. ಸಿಟ್ಟಿನಲ್ಲಿ ಬೇಡ, ತಾರೀಕು ಹಾಕಿ ನಾಲ್ಕು ಸಾಲು. ನನಗೂ ಹಾಗೆ ಒಬ್ಬರು ಅಜ್ಜಿ ಬರೆದಿದ್ದರು. ನಾನು ಗಾರ್ಬೋ ಬಗ್ಗೆ ತಪ್ಪು ಹೇಳುತ್ತಿದ್ದೆ.

ಕಾಫಿಬಟ್ಟಲು
ಗಾರ್ಬೋ ಯಾರು? ನಟಿ ಅಲ್ವಾ?

ಶನಿವಾರದಗೈಡ್
ಅದು ಗುಪ್ತನಾಮ. ನಿಜ ಹೆಸರು ಹ್ವಾನ್ ಪುಜೋಲ್, ಸ್ಪೇನಿನವನು. ಬ್ರಿಟಿಷರ ಹತ್ತಿರ ಹೋಗಿ ನಿಮಗೆ ಬೇಹುಗಾರಿಕೆ ಮಾಡುತ್ತೇನೆ ಅಂದ, ಬೇಡ ಅಂದರು. ಸರಿ ಅಂತ ಜರ್ಮನ್ನರ ಹತ್ತಿರ ಹೋದ, ಸೇರಿಸಿಕೊಂಡರು. ಲಂಡನ್ನಿಗೆ ಹೋಗುತ್ತೇನೆ ಅಂತ ಹೇಳಿ ಲಿಸ್ಬನ್ನಿನಲ್ಲೇ ಕೂತು, ಒಂದು ಪ್ರವಾಸಿ ಗೈಡ್ ಪುಸ್ತಕ ಇಟ್ಟುಕೊಂಡು ಬ್ರಿಟನ್ನಿನ ವರದಿ ಬರೆದ. ಗ್ಲಾಸ್ಗೋದ ಜನ ಒಂದು ಲೀಟರ್ ವೈನ್‌ಗೆ ಏನು ಬೇಕಾದರೂ ಮಾಡುತ್ತಾರೆ ಅಂತ ಬರೆದ! ಸ್ಕಾಟ್‌ಲ್ಯಾಂಡಿನಲ್ಲಿ ವೈನ್ ಯಾರು ಕೇಳುತ್ತಾರೆ? ಜರ್ಮನ್ನರು ನಂಬಿದರು. 1942ರಲ್ಲಿ ಬ್ರಿಟಿಷರೇ ಅವನನ್ನು ಲಂಡನ್ನಿಗೆ ಕರೆಸಿಕೊಂಡರು. ಇಲ್ಲದ 27 ಏಜೆಂಟರನ್ನು ಸೃಷ್ಟಿಸಿ ಅವರ ಸಂಬಳವನ್ನೂ ಜರ್ಮನಿಯಿಂದ ವಸೂಲು ಮಾಡಿದ. ಕೊನೆಗೆ ಹಿಟ್ಲರ್ ಕಡೆಯಿಂದ ಐರನ್ ಕ್ರಾಸ್, ಬ್ರಿಟನ್ ಕಡೆಯಿಂದ ಎಂಬಿಇ. ಎರಡೂ ಪಡೆದ.

ಕಾಫಿಬಟ್ಟಲು
ಊರೇ ನೋಡದೆ ಪುಸ್ತಕ ನೋಡಿ ಊರಿನ ಕಥೆ ಹೇಳುವವನು. ಮೇಷ್ಟ್ರ ಗೈಡಿನ ಗುರು ಸಿಕ್ಕಿದ!

ಇತಿಹಾಸಪ್ರಿಯ
ಮೇಷ್ಟ್ರೇ, ಇನ್ನೊಂದು ದಿನ ಬಿಡುವಿದ್ದರೆ ಬ್ಲೂಮ್ಸ್‌ಬರಿ ನೋಡಿ. ಧಿಂಗ್ರಾ ಓದಿದ ಯೂನಿವರ್ಸಿಟಿ ಕಾಲೇಜು, ಗಾರ್ಡನ್ ಸ್ಕ್ವೇರ್‌ನ ನೂರ್, ಟ್ಯಾವಿಸ್ಟಾಕ್ ಸ್ಕ್ವೇರ್‌ನಲ್ಲಿ ಕೂತ ಗಾಂಧಿ. ಮೂರೂ ಹತ್ತು ಹದಿನೈದು ನಿಮಿಷದ ನಡಿಗೆಯೊಳಗೆ. ಕೂರಲು ಬೆಂಚುಗಳೂ ಇವೆ, ಅಮ್ಮನವರಿಗೆ ಅನುಕೂಲ.

ಮಲ್ಲಿಗೆಮೊಗ್ಗು
ಸೌತ್ ಕೆನ್ಸಿಂಗ್ಟನ್ ಕೂಡ ಬಿಡಬೇಡಿ. ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಮರದ ಹುಲಿ ಇದೆ, ಯೂರೋಪಿಯನ್ ಸೈನಿಕನ ಮೇಲೆ ಬಿದ್ದಿರುವುದು. ಪ್ರವೇಶ ಉಚಿತ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇಂಪೀರಿಯಲ್ ಇನ್‌ಸ್ಟಿಟ್ಯೂಟ್ ಇತ್ತು. ಈಗ ಗೋಪುರ ಒಂದೇ ಉಳಿದಿದೆ. (ನಿರ್ವಾಹಕರೇ, ಇದು ಮರದ ಹುಲಿಯ ಬಗ್ಗೆ ಮಾತ್ರ!)

ನಿರ್ವಾಹಕ
ಮರದ ಹುಲಿಗೆ ಅನುಮತಿ ಇದೆ.

ಹಳೇಮೇಷ್ಟ್ರು
ಎಲ್ಲರಿಗೂ ವರದಿ. ನಿನ್ನೆ ಥೇಮ್ಸ್‌ದಂಡೆಯವರು ಹೇಳಿದ ದಾರಿಯಲ್ಲಿ ಇಬ್ಬರೂ ಹೋಗಿ ಬಂದೆವು. ಪುಣ್ಯಕ್ಕೆ ಮಳೆ ಇರಲಿಲ್ಲ. ಕ್ಲೈವ್ ಹತ್ತಿರದ ಮೆಟ್ಟಿಲು ತಪ್ಪಿಸಿ ಸುತ್ತಿಕೊಂಡು ಹೋದೆವು.

ಕ್ಯಾಕ್ಸ್‌ಟನ್ ಸ್ಟ್ರೀಟಿನಲ್ಲಿ ಒಂದು ಪ್ರಯೋಗ ಮಾಡಿದೆ. ಹಾಲ್ ಬಾಗಿಲಿನಿಂದ ಹೋಟೆಲ್ ಕಡೆಗೆ ಹೆಜ್ಜೆ ಎಣಿಸುತ್ತಾ ನಡೆದೆ. ಮಧ್ಯದಲ್ಲಿ ಹೆಂಡತಿ ಏನೋ ಕೇಳಿದಳು, ಲೆಕ್ಕ ತಪ್ಪಿತು. ಮತ್ತೆ ಎಣಿಸಲು ಹೋಗಲಿಲ್ಲ. ಎಷ್ಟು ಹತ್ತಿರ ಅನ್ನುವುದು ಅಷ್ಟರಲ್ಲೇ ಗೊತ್ತಾಯಿತು. ಅವಳಿಗೆ ಒಂಬತ್ತು ದಿನದ ಲೆಕ್ಕ ಹೇಳಿದೆ. "ಹಾಗಾದರೆ ಆ ಜೈಲಿನವರಿಗೂ ಈ ಹೋಟೆಲಿನವರಿಗೂ ಸಂಬಳ ಕೊಡುತ್ತಿದ್ದವರು ಒಬ್ಬರೇನಾ?" ಅಂತ ಕೇಳಿದಳು. ನಲವತ್ತು ಮಕ್ಕಳ ಕ್ಲಾಸಿನಲ್ಲೂ ಇಂಥ ಪ್ರಶ್ನೆ ಬಂದಿರಲಿಲ್ಲ.

ಎಸ್‌ಒಇ ಸ್ಮಾರಕದ ಹತ್ತಿರ ಅರ್ಧ ಗಂಟೆ ಕೂತೆವು. ಬಸವಣ್ಣನ ಹತ್ತಿರ ಒಬ್ಬ ಇಂಗ್ಲಿಷ್ ಹುಡುಗ ಬೆಂಚಿನ ಮೇಲೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಇವರು ಯಾರು ಅಂದ. ನಾನು ಹೇಳಲು ಶುರು ಮಾಡಿದೆ. ಅವನ ಊಟದ ಸಮಯ ಮುಗಿಯಿತು, ನನ್ನ ಕಥೆ ಮುಗಿಯಲಿಲ್ಲ.

ಕಂಪನಿಗೆ ನಾಲ್ಕು ಸಾಲು ಬರೆದಿದ್ದೆ, ಶನಿವಾರದಗೈಡ್ ಹೇಳಿದ ಹಾಗೆ ತಾರೀಕು ಹಾಕಿ. ಇವತ್ತು ಬೆಳಿಗ್ಗೆ ಉತ್ತರ ಬಂತು. ಕ್ಷಮಿಸಿ, ತಿದ್ದಿಕೊಳ್ಳುತ್ತೇವೆ ಅಂದಿದ್ದಾರೆ. ಪತ್ರದಲ್ಲಿ ಓಡ್ವಯರ್ ಹೆಸರಿನ ಸ್ಪೆಲಿಂಗ್ ತಪ್ಪಿತ್ತು. ಅದನ್ನೂ ತಿದ್ದಿ ವಾಪಸ್ ಕಳಿಸಿದ್ದೇನೆ.

ಕಾಫಿಬಟ್ಟಲು
ರಿಟೈರ್ ಆದರೂ ಕೆಂಪು ಪೆನ್ನು ರಿಟೈರ್ ಆಗಿಲ್ಲ!

ಮೋರ್ಸ್‌ಮಾಮ
ಮಂಡಿ ಹೇಗಿದೆ ಅಮ್ಮನವರದ್ದು?

ಹಳೇಮೇಷ್ಟ್ರು
ಅವಳ ಮಂಡಿ ಚೆನ್ನಾಗಿದೆ. ನನ್ನದು ಹಿಡಿದುಕೊಂಡಿದೆ.